ಗೆರೆಯ ಕೆಳಗಿನ ಸಂಖ್ಯೆ

ಶಾಲೆಯಲ್ಲಿ ಭಿನ್ನರಾಶಿ ಕಲಿಯುವಾಗ ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಬಾಯಿಪಾಠ ಮಾಡಿರುತ್ತೇವೆ. ದೊಡ್ಡವರಾಗಿ ಪತ್ರಿಕೆಯಲ್ಲಿ ಆರೋಗ್ಯದ ಅಂಕಿಸಂಖ್ಯೆ ಓದುವಾಗ ನಮ್ಮ ಕಣ್ಣು ಹೋಗುವುದು ಅಂಶದ ಕಡೆಗೆ ಮಾತ್ರ. ಎಷ್ಟು ತಾಯಂದಿರು ತೀರಿಕೊಂಡರು, ಎಷ್ಟು ಕೂಸುಗಳು ಉಳಿದವು ಎಂದು ನೋಡುತ್ತೇವೆ. ಎಷ್ಟು ಜನರಲ್ಲಿ, ಯಾರನ್ನು ಸೇರಿಸಿ, ಯಾರನ್ನು ಬಿಟ್ಟು ಈ ಲೆಕ್ಕ ಹಾಕಿದರು ಎಂಬ ಪ್ರಶ್ನೆ ಗೆರೆಯ ಕೆಳಗೇ ಉಳಿದುಬಿಡುತ್ತದೆ. ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ತಾಯಿ ಮತ್ತು ಮಕ್ಕಳ ಆರೋಗ್ಯದ ಬಗ್ಗೆ ನಡೆದ ಸಂಶೋಧನೆಗಳ ಇತಿಹಾಸವನ್ನು ಓದುತ್ತ ಹೋದ ಹಾಗೆ, ಆ ಕೆಳಗಿನ ಸಂಖ್ಯೆಯೇ ನನಗೆ ಮುಖ್ಯವಾಗುತ್ತ ಬಂತು. ಅಲ್ಲಿ ಯಾರ ಹೆಸರು ಬರೆದುಕೊಂಡೆವು ಎನ್ನುವುದರ ಮೇಲೆ ಎಷ್ಟೋ ಜೀವಗಳು ನಿಂತಿದ್ದವು.

ನಾನು ಈ ಜಿಲ್ಲೆಯ ಪೂರ್ವದಂಚಿನವಳು. ರಾಮದುರ್ಗ ತಾಲೂಕಿನ ಸುರೇಬಾನ ನನ್ನೂರು. ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ನಮ್ಮ ಜಿಲ್ಲೆಯ ಹೆಸರು ಮತ್ತೆ ಮತ್ತೆ ಬಂದಿದೆ ಎಂಬುದು ಸಂಶೋಧನೆಗೆ ಕೂತ ಮೇಲೆಯೇ ನನಗೆ ತಿಳಿದದ್ದು. 1963ರಲ್ಲಿ ಶುರುವಾದ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೆರವಿನಿಂದ 2001ರಲ್ಲಿ ರೂಪುಗೊಂಡ ‘ಗ್ಲೋಬಲ್ ನೆಟ್‌ವರ್ಕ್’ ಎಂಬ ಮಹಿಳೆ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಜಾಲವನ್ನು ಸೇರಿತು. ಗ್ವಾಟೆಮಾಲ, ಜಾಂಬಿಯಾ, ಪಾಕಿಸ್ತಾನದ ಹಳ್ಳಿಗಳ ಜೊತೆಗೆ ಬೆಳಗಾವಿ ಸೀಮೆಯ ಹಳ್ಳಿಗಳೂ ಒಂದೇ ಕೋಷ್ಟಕದ ಸಾಲುಗಳಾದವು. ಆ ಕೋಷ್ಟಕಗಳಿಂದ ಮೂರು ಪ್ರಸಂಗಗಳನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ.

*

ಮೊದಲನೆಯದು ನೆತ್ತರಿನ ಲೆಕ್ಕ.

ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ಬಾಣಂತಿ ಸಾಯುವುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಆದರೆ ಅಂಥ ಸಾವನ್ನು ಎಣಿಸಿ ಯಾವುದಾದರೂ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಬಹಳ ಕಷ್ಟ. ಸರ್ಕಾರದ ಮಾದರಿ ನೋಂದಣಿ ಪದ್ಧತಿಯ ಪ್ರಕಾರ 2001-03ರಲ್ಲಿ ಕರ್ನಾಟಕದಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. ಇದು ದೊಡ್ಡ ಸಂಖ್ಯೆಯೇ. ಆದರೂ ಒಂದು ಅಧ್ಯಯನದಲ್ಲಿ 1,620 ಹೆರಿಗೆಗಳನ್ನು ಗಮನಿಸಿದರೆ ಆ ಲೆಕ್ಕದಲ್ಲಿ ಕಾಣಸಿಗುವುದು ಮೂರೋ ನಾಲ್ಕೋ ಸಾವು. ಔಷಧಿ ಕೊಟ್ಟ ಕಡೆ ಒಂದು, ಕೊಡದ ಕಡೆ ಮೂರು ಎಂದು ಬಂದರೂ ಅದು ಔಷಧಿಯ ಗುಣವೋ ಬರಿಯ ಆಕಸ್ಮಿಕವೋ ಹೇಳಲಾಗದು. ಆದ್ದರಿಂದ ಸಾವಿಗಿಂತ ಮುಂಚಿನ, ಹೆಚ್ಚು ಸಲ ಘಟಿಸುವ, ಅಳೆಯಬಹುದಾದ ಒಂದು ಸಂಗತಿಯನ್ನು ಹಿಡಿಯಬೇಕು. ಅಂಥದ್ದು ಹರಿದ ರಕ್ತದ ಪ್ರಮಾಣ. 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಎನ್ನುತ್ತಾರೆ.

ಆದರೆ ಚಾಪೆಗೆ, ಸೀರೆಗೆ, ನೆಲಕ್ಕೆ ಹರಿದ ರಕ್ತವನ್ನು ಅಳೆಯುವುದು ಹೇಗೆ? ಸೂಲಗಿತ್ತಿಯರಾಗಲಿ ವೈದ್ಯರಾಗಲಿ ಅದುವರೆಗೆ ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ಬೆಳಗಾವಿಯ ಸಂಶೋಧಕರು ಮತ್ತು ಅವರ ಅಮೆರಿಕದ ಜೊತೆಗಾರರು ಇದಕ್ಕೊಂದು ಸರಳ ಉಪಾಯ ಮಾಡಿದರು. ಹೆರಿಗೆಯಾದ ಕೂಡಲೇ ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಆಲಿಕೆಯಂಥ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೀಟುಗಳು. ನೋಡುವುದಕ್ಕೆ ಇಷ್ಟೇ. 123 ಹೆರಿಗೆಗಳಲ್ಲಿ ಕಣ್ಣಂದಾಜನ್ನೂ ಈ ಹಾಳೆಯ ಅಳತೆಯನ್ನೂ ಹೋಲಿಸಿದಾಗ ಕಣ್ಣಂದಾಜು ಸರಾಸರಿ ಶೇ. 33ರಷ್ಟು ಕಡಿಮೆ ಹೇಳುತ್ತಿತ್ತು ಎಂದು ಗೊತ್ತಾಯಿತು. ಅಂದರೆ ಅಪಾಯದ ಗೆರೆ ದಾಟಿದ ಎಷ್ಟೋ ಬಾಣಂತಿಯರು ‘ಏನೂ ಆಗಿಲ್ಲ’ ಎಂಬ ಸಾಲಿನಲ್ಲಿ ಕೂತಿದ್ದರು.

ಈ ಹಾಳೆಯನ್ನು ಹಿಡಿದುಕೊಂಡೇ 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯ ಪರೀಕ್ಷೆ ನಡೆಯಿತು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂಗಳು, ನಮ್ಮ ಕಡೆಯ ಮಾತಿನಲ್ಲಿ ನರ್ಸಬಾಯಿಗಳು, ಕೂಸು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ತಾಯಿಗೆ ಮಾತ್ರೆ ಕೊಡುತ್ತಿದ್ದರು. 812 ಮಂದಿಗೆ ನಿಜವಾದ ಔಷಧಿ, 808 ಮಂದಿಗೆ ಅದರಂತೆಯೇ ಕಾಣುವ ಹುಸಿಮಾತ್ರೆ. ಯಾರಿಗೆ ಯಾವುದು ಹೋಯಿತೆಂದು ಕೊಟ್ಟವರಿಗೂ ಗೊತ್ತಿಲ್ಲ, ನುಂಗಿದವರಿಗೂ ಗೊತ್ತಿಲ್ಲ. ಅದನ್ನು ಮೊದಲೇ ಚೀಟಿ ಎತ್ತಿದ ಹಾಗೆ ಆಕಸ್ಮಿಕ ಕ್ರಮದಲ್ಲಿ ನಿಗದಿ ಮಾಡಲಾಗಿತ್ತು.

ಈ ಚೀಟಿ ಎತ್ತುವ ವಿಧಾನ ಬಂದದ್ದು ಹೊಲದಿಂದ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ಆರ್.ಎ. ಫಿಶರ್, ಯಾವ ಗೊಬ್ಬರ ಒಳ್ಳೆಯದೆಂದು ತಿಳಿಯಲು ಹೊಲದ ತುಂಡುಗಳಿಗೆ ಗೊಬ್ಬರವನ್ನು ಆಕಸ್ಮಿಕವಾಗಿ ಹಂಚಬೇಕು ಎಂದರು. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಿ ಹೊಲಕ್ಕೆ ಒಂದು ಗೊಬ್ಬರ, ಮಸಾರಿ ಹೊಲಕ್ಕೆ ಇನ್ನೊಂದು ಗೊಬ್ಬರ ಹಾಕಿ ಜೋಳದ ರಾಶಿ ಅಳೆದರೆ, ಗೆದ್ದದ್ದು ಗೊಬ್ಬರವೋ ಮಣ್ಣೋ? 1948ರಲ್ಲಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ ಈ ವಿಧಾನ ವೈದ್ಯಕ್ಕೆ ಗಟ್ಟಿಯಾಗಿ ಕಾಲಿಟ್ಟಿತು. ಐವತ್ತು ವರ್ಷಗಳ ಮೇಲೆ ಅದು ನಮ್ಮ ಹಳ್ಳಿಗಳ ಹೆರಿಗೆ ಕೋಣೆಗೆ ಬಂತು.

ಫಲಿತಾಂಶ 2006ರ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರಿಚರ್ಡ್ ಡರ್ಮನ್, ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ್ ಮೊದಲಾದವರು ಬರೆದ ಲೇಖನ ಅದು. ಹುಸಿಮಾತ್ರೆಯ ಗುಂಪಿನಲ್ಲಿ ಶೇ. 12ರಷ್ಟು ಬಾಣಂತಿಯರಿಗೆ ರಕ್ತಸ್ರಾವವಾಗಿದ್ದರೆ ಔಷಧಿಯ ಗುಂಪಿನಲ್ಲಿ ಅದು ಶೇ. 6.4. ಒಂದು ಲೀಟರಿಗೂ ಮೀರಿದ ತೀವ್ರ ರಕ್ತಸ್ರಾವ ಶೇ. 1.2ರಿಂದ ಶೇ. 0.2ಕ್ಕೆ ಇಳಿದಿತ್ತು. ಅಡ್ಡ ಪರಿಣಾಮವೆಂದರೆ ಸ್ವಲ್ಪ ಹೊತ್ತಿನ ನಡುಕ, ಜ್ವರ. 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬುದು ಇದರ ಸಾರ. ಸೂಜಿ ಬೇಡ, ತಂಪುಪೆಟ್ಟಿಗೆ ಬೇಡ, ವೈದ್ಯರೇ ಇರಬೇಕೆಂದಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಮಾತ್ರೆಯನ್ನು ರಕ್ತಸ್ರಾವ ತಡೆಯುವ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಹುಸಿಮಾತ್ರೆ ನುಂಗಿದ ಆ 808 ಮಂದಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವರಲ್ಲಿ ಸುಮಾರು 97 ಮಂದಿಗೆ ರಕ್ತಸ್ರಾವವಾಯಿತು. ಪರೀಕ್ಷೆ ನಡೆಯದಿದ್ದರೂ ಆ ಕಾಲದ ರೂಢಿಯಲ್ಲಿ ಅವರಿಗೆ ಮಾತ್ರೆ ಸಿಗುತ್ತಿರಲಿಲ್ಲ ಎಂಬುದು ಒಂದು ಉತ್ತರ. ಅವರ ಲೆಕ್ಕವಿಲ್ಲದೆ ಉಳಿದವರ ಲೆಕ್ಕಕ್ಕೆ ಅರ್ಥವೇ ಬರುತ್ತಿರಲಿಲ್ಲ ಎಂಬುದು ಇನ್ನೊಂದು. ಎರಡೂ ನಿಜ. ಆದರೂ ಓದುವಾಗ ಆ ಸಂಖ್ಯೆಯ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಲ್ಲಬೇಕು ಎನ್ನಿಸುತ್ತದೆ.

*

ಎರಡನೆಯ ಪ್ರಸಂಗ ಅಳದ ಕೂಸಿನದು.

ನಮ್ಮ ಆಯಿಯನ್ನು ಒಮ್ಮೆ ಕೇಳಿದ್ದೆ, “ಆಯಿ, ನೀ ಎಷ್ಟು ಹಡದಿ?” “ಐದು” ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಕೇಳದಿದ್ದರೂ ತಾನೇ, “ನಡುವ ಒಂದು ಅಳಲೇ ಇಲ್ಲ. ಅದನ್ನೇನ್ ಲೆಕ್ಕಾ ಹಿಡಿತಿ ಯವ್ವಾ” ಅಂದಳು. ಹೆಸರಿಡುವ ಮೊದಲೇ ಹೋದ ಕೂಸನ್ನು ಎಣಿಸುವ ಪದ್ಧತಿ ಮನೆಯಲ್ಲೂ ಇಲ್ಲ, ಕಾಗದದಲ್ಲೂ ಬಹಳ ಕಾಲ ಸರಿಯಾಗಿ ಇರಲಿಲ್ಲ. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂತು, ಅದರಲ್ಲಿ ಮೃತಶಿಶು ಜನನವೂ ಸೇರಿದೆ. ಆದರೆ ಕಾಯ್ದೆಯ ಪುಸ್ತಕದಿಂದ ಹಳ್ಳಿಯ ರಿಜಿಸ್ಟರಿನವರೆಗಿನ ದಾರಿ ದೂರದ್ದು.

ಹೊಟ್ಟೆಯಲ್ಲೇ ಸತ್ತು ಹುಟ್ಟಿದ ಕೂಸು, ಹುಟ್ಟುವಾಗ ಉಸಿರು ಹಿಡಿಯದೆ ನೀಲಿಗಟ್ಟಿದ ಕೂಸು ಇವೆರಡರ ವ್ಯತ್ಯಾಸ ಮನೆಯ ಹೆರಿಗೆಯಲ್ಲಿ ಯಾರು ನೋಡಬೇಕು? ಎರಡಕ್ಕೂ ‘ಸತ್ತು ಹುಟ್ಟಿತು’ ಎಂಬ ಒಂದೇ ಮಾತು. ಆದರೆ ಎರಡನೆಯದರ ಎದೆ ಇನ್ನೂ ಬಡಿಯುತ್ತಿರಬಹುದು. ಒರೆಸಿ, ಬೆಚ್ಚಗೆ ಮಾಡಿ, ಬೆನ್ನು ತಿಕ್ಕಿ, ಬೇಕಾದರೆ ಮುಖಕ್ಕೆ ಮುಖವಾಡ ಇಟ್ಟು ಗಾಳಿ ಒತ್ತಿದರೆ ಅದು ಅತ್ತೀತು.

‘ಫಸ್ಟ್ ಬ್ರೆತ್’ ಎಂಬ ಅಧ್ಯಯನ ಇದನ್ನೇ ಹಿಡಿಯಿತು. ಬೆಳಗಾವಿಯೂ ಸೇರಿ ಆರು ದೇಶಗಳ 96 ಗ್ರಾಮ ಸಮುದಾಯಗಳಲ್ಲಿ ಹೆರಿಗೆ ಮಾಡಿಸುವವರಿಗೆ ನವಜಾತ ಶಿಶುವಿನ ಆರೈಕೆಯ ತರಬೇತಿ ಕೊಡಲಾಯಿತು. ತರಬೇತಿಗೆ ಮುಂಚಿನ ಲೆಕ್ಕವನ್ನು ನಂತರದ ಲೆಕ್ಕದೊಂದಿಗೆ ಹೋಲಿಸಿದ ಫಲಿತಾಂಶ 2010ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಸಂಶೋಧಕರು ಮುಖ್ಯವಾಗಿ ಕೇಳಿಕೊಂಡಿದ್ದ ಪ್ರಶ್ನೆ ಹುಟ್ಟಿದ ಏಳು ದಿನಗಳೊಳಗಿನ ಶಿಶುಮರಣ ಇಳಿಯಿತೇ ಎಂಬುದು. ಉತ್ತರ, ಇಳಿಯಲಿಲ್ಲ. ಇಷ್ಟನ್ನೇ ನೋಡಿದ್ದರೆ ತರಬೇತಿ ದಂಡವಾಯಿತು ಎಂದು ಕಡತ ಮುಚ್ಚಬಹುದಿತ್ತು. ಆದರೆ ಪಕ್ಕದ ಸಾಲಿನಲ್ಲಿ ಬೇರೊಂದು ಸಂಗತಿ ಇತ್ತು. ಮೃತಶಿಶು ಜನನ ಸಾವಿರಕ್ಕೆ 23ರಿಂದ 15.9ಕ್ಕೆ ಇಳಿದಿತ್ತು. ಅದರಲ್ಲೂ ಇಳಿದದ್ದು ಆಗತಾನೆ ಸತ್ತಂತೆ ಕಂಡ, ಮೈ ಕೆಡದೆ ಹುಟ್ಟಿದ ಕೂಸುಗಳ ಸಂಖ್ಯೆ.

ಇಲ್ಲಿ ನಡೆದದ್ದನ್ನು ಭಿನ್ನರಾಶಿಯ ಭಾಷೆಯಲ್ಲಿ ನೋಡಬಹುದು. ಹುಟ್ಟಿದ ಕೂಸುಗಳ ಮರಣ ಪ್ರಮಾಣದ ಛೇದದಲ್ಲಿ ಜೀವಂತ ಹುಟ್ಟಿದವರಷ್ಟೇ ಇರುತ್ತಾರೆ. ‘ಸತ್ತು ಹುಟ್ಟಿತು’ ಎಂದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ ಕೂಸು ಈಗ ಉಸಿರಾಡಿ ಛೇದದೊಳಗೆ ಬಂತು. ಅಂಥ ಕೂಸುಗಳು ಉಳಿದವರಿಗಿಂತ ನಿತ್ರಾಣವಾಗಿರುತ್ತವೆ. ಕೆಲವು ಎರಡು ದಿನ ಬದುಕಿ ತೀರಿಕೊಂಡರೆ ಅಂಶಕ್ಕೂ ಸೇರುತ್ತವೆ. ಆರೈಕೆ ನಿಜವಾಗಿ ಸುಧಾರಿಸಿದರೂ ಶಿಶುಮರಣ ಪ್ರಮಾಣ ಇದ್ದಲ್ಲೇ ನಿಂತಂತೆ, ಕೆಲವು ಸಲ ಏರಿದಂತೆ ಕೂಡ ಕಾಣಬಹುದು. ಎರಡು ಸಾಲುಗಳನ್ನು ಒಟ್ಟಿಗೆ ಓದಿದವರಿಗೆ ಮಾತ್ರ ಉಳಿದ ಕೂಸುಗಳು ಕಾಣುತ್ತವೆ. ಆಯಿ ಲೆಕ್ಕಕ್ಕೆ ಹಿಡಿಯದ ಆ ಕೂಸು ಯಾವ ಸಾಲಿನದೋ ಈಗ ತಿಳಿಯುವಂತಿಲ್ಲ. ಅಂಥ ಒಂದು ಸಾಲು ಇರಬೇಕಿತ್ತು ಎಂಬುದಂತೂ ತಿಳಿಯಿತು.

*

ಮೂರನೆಯ ಪ್ರಸಂಗ ಎಲ್ಲಕ್ಕಿಂತ ಕಠಿಣವಾದದ್ದು. ಅದಕ್ಕೆ ಹೋಗುವ ಮೊದಲು ಮಗ್ಗದ ಒಂದು ಲೆಕ್ಕ.

ನಮ್ಮೂರ ಕಡೆ ಕೈಮಗ್ಗದ ಸದ್ದು ಕೇಳಿ ಬೆಳೆದವರಿಗೆ ಇದು ಸುಲಭ. ಒಂದೇ ಮಗ್ಗದಿಂದ ಇಳಿದ ಹತ್ತು ಸೀರೆಗಳನ್ನು ನೋಡಿದರೆ ಆ ನೇಕಾರನ ಕೈ ಗೊತ್ತಾಗುತ್ತದೆ. ಊರ ನೇಕಾರಿಕೆ ಗೊತ್ತಾಗಬೇಕಾದರೆ ಹತ್ತು ಮಗ್ಗಗಳಿಂದ ಒಂದೊಂದು ಸೀರೆ ನೋಡಬೇಕು. ಹೆರಿಗೆಗಳೂ ಹಾಗೆಯೇ. ಒಂದೇ ಊರಿನ ನೂರು ಬಸುರಿಯರು ಒಂದೇ ಕೆರೆಯ ನೀರು ಕುಡಿಯುತ್ತಾರೆ, ಒಬ್ಬಳೇ ನರ್ಸಬಾಯಿಯ ಕೈಗೆ ಬರುತ್ತಾರೆ, ಆಸ್ಪತ್ರೆಗೆ ಹೋಗುವ ದಾರಿ ಕೆಟ್ಟಿದ್ದರೆ ಎಲ್ಲರಿಗೂ ಕೆಟ್ಟಿರುತ್ತದೆ. ಅವರ ನೂರು ಉತ್ತರಗಳು ನೂರು ಬೇರೆ ಬೇರೆ ಉತ್ತರಗಳಲ್ಲ. ಜೊತೆಗೆ, ತರಬೇತಿಯಂಥ ಸಂಗತಿಯನ್ನು ಒಂದು ಮನೆಗೆ ಕೊಟ್ಟು ಪಕ್ಕದ ಮನೆಗೆ ಕೊಡದಿರಲು ಬರುವುದಿಲ್ಲ. ಹಾಗಾಗಿ ಚೀಟಿಯನ್ನು ಮನುಷ್ಯರ ಹೆಸರಿಗಲ್ಲ, ಊರುಗಳ ಗುಂಪಿಗೆ ಎತ್ತುತ್ತಾರೆ. ಇದಕ್ಕೆ ಸಮೂಹ ಯಾದೃಚ್ಛಿಕ ಪರೀಕ್ಷೆ ಎಂದು ಹೆಸರು. ಇದರ ಬೆಲೆಯೂ ಜಾಸ್ತಿ. ಪ್ರತಿ ಗುಂಪಿನಲ್ಲಿ 101 ಹೆರಿಗೆಗಳಿದ್ದು, ಊರೊಳಗಿನ ಹೋಲಿಕೆಯ ಅಳತೆ 0.01ರಷ್ಟು ಕಡಿಮೆ ಇದ್ದರೂ, ಅಷ್ಟೇ ನಂಬಿಕೆಯ ಉತ್ತರಕ್ಕೆ ಎರಡರಷ್ಟು ಹೆರಿಗೆಗಳನ್ನು ಗಮನಿಸಬೇಕಾಗುತ್ತದೆ.

ಇಂಥ ದೊಡ್ಡ ಲೆಕ್ಕಕ್ಕೆ ಬೇಕಾದ ತಳಹದಿಯನ್ನು ಜಾಲ 2008ರ ಸುಮಾರಿಗೆ ಹಾಕಿತ್ತು. ಅದು ತಾಯಿ ಮತ್ತು ನವಜಾತ ಶಿಶು ನೋಂದಣಿ. ಗೊತ್ತುಪಡಿಸಿದ ಪ್ರದೇಶದಲ್ಲಿ ಬಸುರಿಯಾದ ಪ್ರತಿಯೊಬ್ಬಳನ್ನೂ, ಮನೆಯಲ್ಲಿ ಹೆತ್ತಳೋ ಆಸ್ಪತ್ರೆಯಲ್ಲೋ ಎಂದು ಭೇದ ಮಾಡದೆ ಬರೆದುಕೊಳ್ಳುವುದು, ಹೆರಿಗೆಯಾಗಿ ಆರು ವಾರದವರೆಗೆ ತಾಯಿ ಕೂಸು ಇಬ್ಬರ ಸುದ್ದಿ ತೆಗೆದುಕೊಳ್ಳುವುದು. ಬಿಸಿಲಿನಲ್ಲಿ ಮನೆಮನೆ ತಿರುಗುವವರ ಕೆಲಸ ಇದು. ಲೇಖನಗಳಲ್ಲಿ ಇದಕ್ಕೆ ಸಿಗುವುದು ಒಂದೆರಡು ಸಾಲು.

ಈಗ ಪ್ರಸಂಗಕ್ಕೆ ಬರೋಣ. ದಿನ ತುಂಬದೆ ಹುಟ್ಟುವ ಕೂಸಿನ ಶ್ವಾಸಕೋಶ ಬಲಿತಿರುವುದಿಲ್ಲ. ಹೆರಿಗೆಗೆ ಮೊದಲು ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದು ಕೊಟ್ಟರೆ ಅದು ಬೇಗ ಬಲಿಯುತ್ತದೆ ಎಂದು 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ತೋರಿಸಿದ್ದರು. ಮುಂದೆ ಬಂದ ಪರೀಕ್ಷೆಗಳೂ ಅದನ್ನೇ ಹೇಳಿದವು. ಬಿಡಿಬಿಡಿಯಾಗಿ ಬಿದ್ದಿದ್ದ ಸಾಕ್ಷ್ಯಗಳನ್ನು ಕೂಡಿಸಿ ಓದಲೆಂದು 1993ರಲ್ಲಿ ಶುರುವಾದ ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿರುವ ಅಡ್ಡಗೆರೆಗಳು ಇದೇ ಸ್ಟೆರಾಯ್ಡಿನ ಏಳು ಪರೀಕ್ಷೆಗಳ ಚಿತ್ರ. ಇಷ್ಟು ಗಟ್ಟಿಯಾದ ಸಾಕ್ಷ್ಯ ವೈದ್ಯಕೀಯದಲ್ಲಿ ಅಪರೂಪ. ಹಾಗಾದರೆ ಇದನ್ನು ದೊಡ್ಡ ಆಸ್ಪತ್ರೆಗಳಿಂದ ಹಳ್ಳಿಗಳಿಗೂ ಒಯ್ಯಬಾರದೇಕೆ?

2011ರಿಂದ 2014ರವರೆಗೆ ಆರು ದೇಶಗಳ ನೂರಕ್ಕೂ ಹೆಚ್ಚು ಗುಂಪುಗಳಲ್ಲಿ ಈ ಪರೀಕ್ಷೆ ನಡೆಯಿತು. ಭಾರತದಿಂದ ಬೆಳಗಾವಿ, ನಾಗಪುರ ಇದ್ದವು. ಒಟ್ಟು ಹೆರಿಗೆಗಳು ಸುಮಾರು ಒಂದು ಲಕ್ಷ. ಅರ್ಧದಷ್ಟು ಗುಂಪುಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಅವಧಿಪೂರ್ವ ಹೆರಿಗೆಯ ಲಕ್ಷಣ ಗುರುತಿಸಿ ಡೆಕ್ಸಾಮೆಥಾಸೋನ್ ಕೊಡುವ ತರಬೇತಿ ಆಯಿತು. ಹಳ್ಳಿಯಲ್ಲಿ ಎಷ್ಟನೆಯ ವಾರ ಎಂದು ತಿಳಿಯುವುದೇ ಮೊದಲ ತೊಡಕು. “ಯುಗಾದಿ ಮುಂದ ಮುಟ್ಟು ನಿಂತಿತ್ತರಿ” ಎಂಬ ಲೆಕ್ಕದಿಂದ 34 ವಾರವೋ 38 ವಾರವೋ ಹೇಳುವುದು ಹೇಗೆ? ತಾರೀಖು ಗೊತ್ತಿಲ್ಲದವರ ಹೊಟ್ಟೆಯ ಎತ್ತರವನ್ನು ಬಣ್ಣದ ಪಟ್ಟಿಯಿಂದ ಅಳೆದು ಅಂದಾಜು ಮಾಡಬೇಕಾಯಿತು. ಫಲಿತಾಂಶ ಅಳೆಯುವಾಗಲೂ ‘ದಿನ ತುಂಬದ ಕೂಸು’ ಎಂಬುದರ ಬದಲಿಗೆ ತೂಕದಲ್ಲಿ ಕೆಳಗಿನ ಶೇ. 5ರಲ್ಲಿ ಬರುವ ಕೂಸುಗಳನ್ನು ತೆಗೆದುಕೊಂಡರು.

ತರಬೇತಿ ಕೆಲಸ ಮಾಡಿತು. ಆ ಸಣ್ಣ ಕೂಸುಗಳ ತಾಯಂದಿರಲ್ಲಿ ಸ್ಟೆರಾಯ್ಡ್ ಪಡೆದವರು ಒಂದು ಕಡೆ ಶೇ. 45, ಇನ್ನೊಂದು ಕಡೆ ಶೇ. 10. ಆದರೆ ಸಣ್ಣ ಕೂಸುಗಳ ಸಾವು ಸಾವಿರಕ್ಕೆ 232 ಇದ್ದಲ್ಲಿ 225 ಆಯಿತು, ಅಷ್ಟೇ. ಅದು ಆಕಸ್ಮಿಕದ ಮಿತಿಯೊಳಗಿನ ವ್ಯತ್ಯಾಸ. ಹಾಗಿದ್ದರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಎನ್ನಬಹುದಿತ್ತು. ಆದರೆ ನೋಂದಣಿಯಲ್ಲಿ ಎಲ್ಲ ಕೂಸುಗಳೂ ಇದ್ದವು. ಎಲ್ಲರನ್ನೂ ಛೇದಕ್ಕೆ ತಂದು ನೋಡಿದಾಗ 28 ದಿನದೊಳಗಿನ ಸಾವು ತರಬೇತಿ ಆಗದ ಕಡೆ ಸಾವಿರಕ್ಕೆ 23.9, ತರಬೇತಿ ಆದ ಕಡೆ 27.4. ಸಾವಿರಕ್ಕೆ ಮೂರೂವರೆ ಕೂಸು ಹೆಚ್ಚು. ಸಾಪೇಕ್ಷ ಅಪಾಯ 1.12, ಅದರ ನಂಬಿಕೆಯ ಅಂತರ 1.02ರಿಂದ 1.22. ಕೆಳಗಿನ ತುದಿ ಒಂದಕ್ಕಿಂತ ಮೇಲಿದೆ ಎಂದರೆ, ಇದನ್ನು ಬರಿಯ ಆಕಸ್ಮಿಕ ಎಂದು ತಳ್ಳಿಹಾಕಲು ಬರುವುದಿಲ್ಲ.

ಏಕೆ ಹೀಗಾಯಿತು ಎಂಬುದಕ್ಕೆ ಸಂಖ್ಯೆಗಳೇ ಸ್ವಲ್ಪ ಸುಳಿವು ಕೊಡುತ್ತವೆ. ಸ್ಟೆರಾಯ್ಡ್ ಪಡೆದ ತಾಯಂದಿರಲ್ಲಿ ಸುಮಾರು ಶೇ. 16ರಷ್ಟು ಮಂದಿ ಮಾತ್ರ ನಿಜವಾಗಿ ಅಂಥ ಸಣ್ಣ ಕೂಸನ್ನು ಹೆತ್ತರು. ಉಳಿದವರಿಗೆ ಔಷಧಿಯ ಅಗತ್ಯವೇ ಇರಲಿಲ್ಲ ಎನ್ನಬಹುದು. ಸಣ್ಣ ಕೂಸುಗಳ ತಾಯಂದಿರಲ್ಲಿ ಸೋಂಕಿನ ಶಂಕೆ ಒಂದು ಕಡೆ ಶೇ. 6 ಇದ್ದರೆ ತರಬೇತಿ ಆದ ಕಡೆ ಶೇ. 10. ಸ್ಟೆರಾಯ್ಡ್ ಸೋಂಕನ್ನು ತಡೆಯುವ ಮೈಯ ಶಕ್ತಿಯನ್ನು ಕುಗ್ಗಿಸಬಲ್ಲದು. ದೊಡ್ಡ ಆಸ್ಪತ್ರೆಯಲ್ಲಿ ಕೂಸನ್ನು ಕಾಯುವ ಬೆಚ್ಚನೆಯ ಪೆಟ್ಟಿಗೆ, ಆಮ್ಲಜನಕ, ಜೀವನಿರೋಧಕ ಇರುತ್ತವೆ. ಹಳ್ಳಿಗೆ ಸೂಜಿ ಒಂದೇ ಹೋಯಿತು.

ಒಂದು ಕ್ಷಣ ಯೋಚಿಸಿ. ಔಷಧಿ ಪಡೆದವರನ್ನಷ್ಟೇ, ಅಥವಾ ಸಣ್ಣ ಕೂಸುಗಳನ್ನಷ್ಟೇ ಎಣಿಸಿದ್ದರೆ ಈ ಹಾನಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ‘ಸಾಬೀತಾದ ಔಷಧಿ’ ಎಂಬ ಹೆಸರಿನಲ್ಲಿ ಅದು ಇಂಥ ಇನ್ನೂ ಸಾವಿರಾರು ಹಳ್ಳಿಗಳಿಗೆ ಹೋಗುತ್ತಿತ್ತು. ಸಾವಿರಕ್ಕೆ ಮೂರೂವರೆ ಯಾವ ಒಂದು ಊರಿನಲ್ಲೂ ಕಾಣುವ ಸಂಖ್ಯೆಯಲ್ಲ. ವರ್ಷಕ್ಕೆ ನೂರು ಹೆರಿಗೆ ಆಗುವ ಊರಿನಲ್ಲಿ ಅದು ಮೂರು ವರ್ಷಕ್ಕೆ ಒಂದು ಕೂಸು. ಮನೆಯವರು ಹಣೆಬರಹ ಅನ್ನುತ್ತಾರೆ, ಊರು ಮರೆಯುತ್ತದೆ. ಒಂದು ಲಕ್ಷ ಹೆರಿಗೆಗಳನ್ನು ಬಿಡದೆ ಬರೆದುಕೊಂಡಾಗ ಮಾತ್ರ ಅದು ಕಾಣುತ್ತದೆ.

*

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಔಷಧಿ ಕೆಟ್ಟದ್ದೋ, ಕೊಟ್ಟ ಬಗೆ ತಪ್ಪೋ ಎಂಬ ಪ್ರಶ್ನೆ ಉಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೆನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ ಇನ್ನೊಂದು ಪರೀಕ್ಷೆ ನಡೆಸಿತು. ಬೆಳಗಾವಿ ಅದರಲ್ಲೂ ಇತ್ತು. ಈ ಸಲ ವಾರವನ್ನು ಅಲ್ಟ್ರಾಸೌಂಡಿನಿಂದ ಗೊತ್ತುಮಾಡಿ, ಬೇಗ ಹೆರಿಗೆ ಆಗುವುದು ಖಚಿತವಾಗಿದ್ದ, ನವಜಾತ ಶಿಶುವಿನ ಆರೈಕೆ ಸಿಗುವ ಕಡೆಯ 2,852 ತಾಯಂದಿರನ್ನು ಮಾತ್ರ ಸೇರಿಸಿಕೊಂಡರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಶಿಶುಮರಣ ಹುಸಿಮದ್ದಿನ ಕಡೆ ಶೇ. 23.5, ಸ್ಟೆರಾಯ್ಡಿನ ಕಡೆ ಶೇ. 19.6. ಸೋಂಕೂ ಹೆಚ್ಚಲಿಲ್ಲ. ಲಾಭ ಸ್ಪಷ್ಟವಾಗಿದ್ದರಿಂದ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಅದೇ ಔಷಧಿ. ಬದಲಾದದ್ದು ಛೇದ, ಅಂದರೆ ಯಾರಿಗೆ, ಎಲ್ಲಿ, ಯಾವಾಗ ಎಂಬುದು.

ಗೀಟು ಹಾಕಿದ ಹಾಳೆಯ ಕಥೆಯೂ ಮುಂದುವರಿದಿದೆ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ ‘ಇ-ಮೋಟಿವ್’ ಅಧ್ಯಯನ, ಇಂಥದೇ ಅಳತೆಯ ಹಾಳೆಯಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ ಕೂಡಲೇ ಚಿಕಿತ್ಸೆ ಕೊಟ್ಟರೆ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಚಿಕಿತ್ಸೆ, ಸಾವುಗಳು ಶೇ. 4.3ರಿಂದ ಶೇ. 1.6ಕ್ಕೆ ಇಳಿಯುತ್ತವೆ ಎಂದು ತೋರಿಸಿತು. ಇತ್ತ ಕರ್ನಾಟಕದಲ್ಲಿ ತಾಯಂದಿರ ಮರಣ ಲಕ್ಷಕ್ಕೆ 228 ಇದ್ದದ್ದು 2018-20ರ ಹೊತ್ತಿಗೆ 69ಕ್ಕೆ ಬಂದಿದೆ. ಇದಕ್ಕೆ ಒಂದು ಮಾತ್ರೆಯೋ ಒಂದು ಅಧ್ಯಯನವೋ ಕಾರಣ ಎನ್ನುವುದು ತಪ್ಪಾಗುತ್ತದೆ. ಮನೆಯ ಹೆರಿಗೆ ಕಡಿಮೆಯಾದದ್ದು, ಆಶಾ ಕಾರ್ಯಕರ್ತೆಯರು, ಆಂಬುಲೆನ್ಸ್, ರಸ್ತೆ ಎಲ್ಲವೂ ಅದರಲ್ಲಿವೆ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಸಂಖ್ಯೆ ಎಂದರೆ ಮನುಷ್ಯರನ್ನು ಅಳಿಸುವ ಸಾಧನ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಕೆಲವು ಸಲ ಅದು ನಿಜವೂ ಹೌದು. ಆದರೆ ಆ ಮೂರೂವರೆ ಕೂಸುಗಳಿಗೆ ಹೆಸರಿಟ್ಟಿರಲಿಕ್ಕಿಲ್ಲ, ಫೋಟೋ ಇರಲಿಕ್ಕಿಲ್ಲ, ಹೆತ್ತವರಿಗೂ ಅದು ತಮ್ಮೊಬ್ಬರ ದುಃಖವಷ್ಟೇ ಅಲ್ಲ ಎಂದು ತಿಳಿದಿರಲಿಕ್ಕಿಲ್ಲ. ಅವು ಇದ್ದವು ಎಂಬುದಕ್ಕೆ, ಅವುಗಳ ಸಾವಿನಿಂದ ಜಗತ್ತು ಒಂದು ತಪ್ಪು ದಾರಿ ಬಿಟ್ಟಿತು ಎಂಬುದಕ್ಕೆ ಉಳಿದಿರುವ ದಾಖಲೆ ಕೋಷ್ಟಕದ ಆ ಒಂದು ಸಾಲು. ಮುಂದಿನ ಸಲ ಯಾವುದಾದರೂ ಯೋಜನೆಯ ಬಗ್ಗೆ ‘ಶೇ. ಇಷ್ಟು ಇಳಿಕೆ’ ಎಂದು ಓದಿದಾಗ ಗೆರೆಯ ಕೆಳಗೆ ಯಾರಿದ್ದಾರೆ ಎಂದು ಕೇಳಿ. ಮನೆಯಲ್ಲಿ ಹೆತ್ತವಳು ಇದ್ದಾಳೆಯೇ, ತವರಿಗೆ ಹೋದವಳು ಇದ್ದಾಳೆಯೇ, ಕಬ್ಬು ಕಡಿಯಲು ವಲಸೆ ಹೋಗಿ ಗುಡಿಸಲಲ್ಲಿ ಹೆತ್ತವಳು ಇದ್ದಾಳೆಯೇ, ಅಳದೆ ಹೋದ ಕೂಸು ಇದೆಯೇ ಎಂದು ಕೇಳಿ.